ವಿದ್ಯುತ್ತನ್ನು ಕೂಡಿಟ್ಟ ಗಾಸ್ತೋನ್ ಪ್ಲಾಂಟೆ

ಕರೆಂಟು ಹೋದ ರಾತ್ರಿ ಮನೆಯಲ್ಲಿ ಇನ್ವರ್ಟರಿನ ದೀಪ ಉರಿಯುತ್ತದೆ. ಕೀಲಿ ತಿರುಗಿಸಿದೊಡನೆ ಬಸ್ಸಿನ ಇಂಜಿನು ಎಚ್ಚರಗೊಳ್ಳುತ್ತದೆ. ಈ ಕೆಲಸಗಳಿಗೆ ಇಂದಿಗೂ ಬಳಕೆಯಲ್ಲಿರುವ ಸೀಸದ ಬ್ಯಾಟರಿಯನ್ನು ಲೋಕಕ್ಕಿತ್ತವರು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ.

ಪ್ಲಾಂಟೆಯವರು 1834ರ ಎಪ್ರಿಲ್ 22ರಂದು ದಕ್ಷಿಣ ಫ್ರಾನ್ಸಿನ ಓರ್ತೆಜ್ ಎಂಬ ಊರಲ್ಲಿ ಜನಿಸಿದರು. 1854ರಲ್ಲಿ ಪ್ಯಾರಿಸಿನ ಕಲೆ ಮತ್ತು ಕುಶಲವಿದ್ಯೆಗಳ ಸಂಸ್ಥೆಯಲ್ಲಿ ಭೌತಶಾಸ್ತ್ರದ ಸಹಾಯಕರಾಗಿ ಸೇರಿದರು. ಮರುವರ್ಷ ಪ್ಯಾರಿಸಿನ ಬಳಿ, ಹಾರಲಾರದ ದೈತ್ಯ ಹಕ್ಕಿಯೊಂದರ ಪಳೆಯುಳಿಕೆಯನ್ನು ಪತ್ತೆಹಚ್ಚಿದರು. ಆ ಹಕ್ಕಿಗೆ ಅವರ ಹೆಸರನ್ನೇ ಸೇರಿಸಿ ಗಾಸ್ಟಾರ್ನಿಸ್ ಎಂದು ಹೆಸರಿಡಲಾಯಿತು.

ಆ ಕಾಲದ ವಿದ್ಯುತ್ಕೋಶಗಳು ಒಳಗಿನ ರಾಸಾಯನಿಕ ಮುಗಿದೊಡನೆ ಸತ್ತಂತೆಯೇ. 1859ರಲ್ಲಿ ಪ್ಲಾಂಟೆಯವರು ಸೀಸದ ಎರಡು ತಗಡುಗಳನ್ನು ಒಂದಕ್ಕೊಂದು ತಾಗದಂತೆ ನಡುವೆ ರಬ್ಬರ್ ಪಟ್ಟಿ ಇಟ್ಟು, ಚಾಪೆಯಂತೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಇಳಿಸಿದರು. ವಿದ್ಯುತ್ ಹರಿಸಿದಾಗ ಒಂದು ತಗಡಿನ ಮೇಲೆ ಸೀಸದ ಡೈಆಕ್ಸೈಡಿನ ಕಂದು ಪದರ ಮೂಡಿತು. ಕೂಡಿಟ್ಟ ವಿದ್ಯುತ್ತು ಬರಿದಾದಾಗ ಮತ್ತೆ ತುಂಬಬಹುದಾಗಿತ್ತು. 1860ರಲ್ಲಿ ಇಂಥ 9 ಕೋಶಗಳ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಡಲಾಯಿತು.

ಆದರೆ ನುಣುಪಾದ ಹೊಸ ತಗಡಿನಲ್ಲಿ ನಿಲ್ಲುವ ವಿದ್ಯುತ್ತು ಅತ್ಯಲ್ಪ. ಪ್ಲಾಂಟೆಯವರು ಅದನ್ನು ತುಂಬಿ, ಬರಿದುಮಾಡಿ, ದಿಕ್ಕು ಬದಲಿಸಿ ಮತ್ತೆ ತುಂಬುತ್ತ ಹೋದರು. ತಗಡಿನ ಮೈ ಮೆಲ್ಲಮೆಲ್ಲನೆ ಸ್ಪಂಜಿನಂತೆ ಸಚ್ಛಿದ್ರವಾಯಿತು. ಆಮ್ಲಕ್ಕೆ ತಾಗುವ ಮೈ ಹೆಚ್ಚಿದಷ್ಟೂ ಸಂಗ್ರಹವೂ ಹೆಚ್ಚಿತು. ಒಳ್ಳೆಯ ಡೈನಮೋ ಇನ್ನೂ ಬಂದಿರದ ಆ ದಿನಗಳಲ್ಲಿ, ಈ ತುಂಬುವ ಕೆಲಸಕ್ಕೂ ಬೇರೆ ವಿದ್ಯುತ್ಕೋಶಗಳೇ ಗತಿ. ಹೀಗಾಗಿ ಸುಮಾರು 20 ವರ್ಷ ಅವರ ಸಾಧನೆ ಹೆಚ್ಚಾಗಿ ಪ್ರಯೋಗಶಾಲೆಗೇ ಸೀಮಿತವಾಗಿತ್ತು. 1881ರಲ್ಲಿ ಕಾಮಿಯ್ ಫೋರ್ ಎಂಬವರು ತಗಡಿಗೆ ಸೀಸದ ಆಕ್ಸೈಡನ್ನು ಮೆತ್ತುವ ಉಪಾಯ ಕಂಡುಹಿಡಿದ ಬಳಿಕ ಆ ದೀರ್ಘ ಶ್ರಮ ತಪ್ಪಿ, ಬ್ಯಾಟರಿ ಕಾರ್ಖಾನೆಯ ಸರಕಾಯಿತು.

ಪ್ಲಾಂಟೆಯವರು 1889ರ ಮೇ 21ರಂದು, ತಮ್ಮ 55ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ವಿಜ್ಞಾನಿಗಳು ಸೂಪರ್ ಕೆಪಾಸಿಟರ್ ಎಂಬ ಸಾಧನಕ್ಕಾಗಿ ರುಥೇನಿಯಂ, ಮ್ಯಾಂಗನೀಸ್ ಮುಂತಾದ ಲೋಹಗಳ ಆಕ್ಸೈಡುಗಳನ್ನು ನ್ಯಾನೋಮೀಟರ್ ಅಳತೆಯ ಕಣ, ತಂತು, ರಂಧ್ರಗಳಾಗಿ ರೂಪಿಸುತ್ತಿದ್ದಾರೆ. ಮೀಟರಿನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೋಮೀಟರ್. ಈ ಸಾಧನ ಬ್ಯಾಟರಿಯಷ್ಟು ಶಕ್ತಿಯನ್ನು ಹಿಡಿಯದು. ಆದರೆ ಬಹುಬೇಗ ತುಂಬಿಕೊಂಡು, ಅಷ್ಟೇ ಬೇಗ ಕೊಡಬಲ್ಲದು. ಇದರ ಬಗೆ ಬೇರೆಯಾದರೂ, ಲೋಹದ ಮೈಯನ್ನು ಹಿಗ್ಗಿಸಿದರೆ ಸಂಗ್ರಹ ಹೆಚ್ಚುತ್ತದೆಂಬ ತತ್ತ್ವ ಹೊಸತಲ್ಲ. ಪ್ಲಾಂಟೆಯವರು ಎರಡು ಸೀಸದ ತಗಡುಗಳಿಂದ, ತಾಳ್ಮೆಯಿಂದ ಕಲಿತದ್ದೂ ಇದನ್ನೇ.