ಮೆಟ್ರಿಕ್ಯುಲೇಷನ್ ದಾಟದ ಗುರುಗಳು

ರಾಬರ್ಟ್‌ಸನ್‌ಪೇಟೆಯ ನನ್ನ ಮನೆಯ ಮುಂಗೋಣೆಯಲ್ಲಿ ಭಾನುವಾರದ ಸಂಜೆ ಆರೇಳು ಮಂದಿ ಸೇರುತ್ತಾರೆ. ಎಲ್ಲರೂ ಸಂಸಾರವಂದಿಗರು, ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಪರೀಕ್ಷೆಗೆ ಕಟ್ಟಿದವರು. ವಾರದ ಆರು ದಿನವೂ ಕತ್ತಲಿರುವಾಗಲೇ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಮತ್ತೆ ಕತ್ತಲಾದ ಮೇಲೆ ಹಿಂದಿರುಗುವವರೇ ಅವರಲ್ಲಿ ಹೆಚ್ಚು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಮೆಯೇ ರೈಲು ಹತ್ತಿಬಿಟ್ಟಿದೆ. ಕಳೆದ ಮಳೆಗಾಲದಲ್ಲಿ, ಐವತ್ತನ್ನು ಸಮೀಪಿಸಿರುವ ಒಬ್ಬರು ಪುಸ್ತಕ ಮುಚ್ಚಿಟ್ಟು ನನ್ನನ್ನು ಕೇಳಿದರು: ಈ ವಯಸ್ಸಿನಲ್ಲಿ ಹಳಗನ್ನಡವನ್ನೂ ರಾಜ್ಯಶಾಸ್ತ್ರವನ್ನೂ ಓದಿದರೆ ಬಡ್ತಿ ಬರುವುದಿಲ್ಲ, ಸಂಬಳ ಏರುವುದಿಲ್ಲ, ಮನೆಯವಳಿಗೆ ನಾನು ಏನೆಂದು ಹೇಳಲಿ ಸಾರ್? ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಆ ರಾತ್ರಿ ನನಗೆ ನೆನಪಾದವರು ಡಿ.ವಿ. ಗುಂಡಪ್ಪನವರು.

ಡಿ.ವಿ.ಜಿ. ನಮ್ಮ ನೆರೆಯವರೇ. 1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಜನಿಸಿದರು. ಶಾಲೆಯ ಓದು ಅವರನ್ನು ಮೆಟ್ರಿಕ್ಯುಲೇಷನ್ನಿನ ಹೊಸ್ತಿಲವರೆಗೆ ತಂದು ಅಲ್ಲಿಯೇ ಕೈಬಿಟ್ಟಿತು. ಹದಿಹರೆಯದಲ್ಲೇ ವಿವಾಹವಾಗಿತ್ತು, ಮನೆಯಲ್ಲಿ ಅನುಕೂಲವಿರಲಿಲ್ಲ. ಕೆಲವು ಕಾಲ ಶಾಲೆಯೊಂದರಲ್ಲಿ ಹಂಗಾಮಿ ಉಪಾಧ್ಯಾಯರಾಗಿದ್ದರು. ಬಳಿಕ ಉದ್ಯೋಗವನ್ನರಸಿ ಇದೇ ಚಿನ್ನದ ಗಣಿಯ ಪ್ರದೇಶಕ್ಕೆ ಬಂದು ಸೋಡಾ ಕಾರ್ಖಾನೆಯಲ್ಲಿ ದುಡಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದು ಬಂದಿದ್ದ ಕಾಲವದು. ನಾಡಿನ ಬೇರೆಡೆಗಳಲ್ಲಿ ಎಣ್ಣೆಯ ದೀಪವಿದ್ದಾಗ ಇಲ್ಲಿ ವಿದ್ಯುದ್ದೀಪ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಸೋಡಾ ಬಾಟಲಿಗಳ ನಡುವೆ ನಿಂತಿದ್ದ ತರುಣನನ್ನು ನೋಡಿ, ಈತ ಮುಂದೊಂದು ದಿನ ನಾಡಿಗೇ ಪಾಠ ಹೇಳುವನೆಂದು ಯಾರು ತಾನೆ ಊಹಿಸಿದ್ದಾರು?

ಗಣಿಯ ಊರಿನಲ್ಲಿ ಅವರು ಬಹಳ ಕಾಲ ನಿಲ್ಲಲಿಲ್ಲ. ಬೆಂಗಳೂರಿಗೆ ಹೋದರು. ಅಲ್ಲಿಯೂ ಮೊದಲು ದೊರೆತದ್ದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯ ಕೆಲಸ. ಅಲ್ಲಿಂದ ಪತ್ರಿಕೆಗಳ ಕಚೇರಿಗೆ ಕಾಲಿಟ್ಟರು. ಅವರ ನಿಜವಾದ ಕಾಲೇಜು ಅದೇ ಎಂದು ನನಗೆ ತೋರುತ್ತದೆ. ದೊರೆತನದ ನೀತಿಯನ್ನು ಕುರಿತು ಬೆಳಗಾಗುವುದರೊಳಗೆ ಬರೆಯಬೇಕಾದವನು ರಾತ್ರಿ ಓದಲೇಬೇಕಷ್ಟೆ. ಬರ್ಕ್, ಮಿಲ್, ಮಾರ್ಲಿ ಮೊದಲಾದವರನ್ನು ಸ್ವಂತವಾಗಿ ಓದಿಕೊಂಡರು. ಸಂಸ್ಕೃತಕ್ಕೆ ಪಂಡಿತರ ಮನೆಬಾಗಿಲಿಗೆ ಹೋದರು; ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳಂಥವರ ಬಳಿ ವೇದಾಂತವನ್ನು ಕೇಳಿದರು. ಸಂಸಾರದ ಭಾರ ಹೊತ್ತವನು ಪಾಠದ ಮಣೆಯ ಮೇಲೆ ಮತ್ತೆ ಶಿಷ್ಯನಾಗಿ ಕುಳಿತುಕೊಳ್ಳುವುದು ಸುಲಭವೆಂದು ತಿಳಿಯಬಾರದು. ನನ್ನ ಭಾನುವಾರದ ಮಂದಿಯನ್ನು ನೋಡುವವರೆಗೆ ನನಗೂ ಅದರ ಕಷ್ಟ ತಿಳಿದಿರಲಿಲ್ಲ.

ಉಳಿದ ಕೀರ್ತಿಯ ಸಂಗತಿಗಳು ವಾಚಕರಿಗೆ ಗೊತ್ತಿರುವುವೇ. ಕರ್ಣಾಟಕ ಪತ್ರಿಕೆಯನ್ನು ನಡೆಸಿದರು; ಮೈಸೂರಿನ ಶಾಸನ ಸಭೆಯಲ್ಲಿ ಕುಳಿತರು; 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೆಟ್ರಿಕ್ಯುಲೇಷನ್ ದಾಟದವರು ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಹಲವು ವರ್ಷ ಸದಸ್ಯರಾಗಿದ್ದರು. ಅದೇ ವಿಶ್ವವಿದ್ಯಾನಿಲಯ 1961ರಲ್ಲಿ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು 1945ನೆಯ ವರ್ಷ. ಅಂದು ಅವರಿಗೆ ಐವತ್ತೆಂಟು ವಯಸ್ಸು. ಸ್ವರಾಜ್ಯವು ಕಣ್ಣಳತೆಗೆ ಬಂದಿತ್ತು. ಮತ ಹಾಕುವ ಹಕ್ಕು ಬಂದ ಮಾತ್ರಕ್ಕೆ ಪ್ರಜೆ ಸಿದ್ಧನಾಗುವುದಿಲ್ಲ, ಅವನಿಗೆ ವಿವೇಚನೆಯ ಅಭ್ಯಾಸ ಬೇಕು ಎಂಬುದು ಅವರ ನಂಬಿಕೆ. ಗೋಪಾಲಕೃಷ್ಣ ಗೋಖಲೆಯವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಬಸವನಗುಡಿಯ ಕಡೆ ನೆಲೆಗೊಂಡ ಆ ಸಂಸ್ಥೆಯ ಅಧ್ಯಯನ ಗೋಷ್ಠಿಯಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಕಚೇರಿಯ ಕೆಲಸ ಮುಗಿಸಿದವರೂ ನಿವೃತ್ತರೂ ತರುಣರೂ ಒಂದೇ ಜಮಖಾನೆಯ ಮೇಲೆ ಕುಳಿತು ರಾಜ್ಯನೀತಿಯನ್ನೂ ಕಾವ್ಯವನ್ನೂ ವೇದಾಂತವನ್ನೂ ಓದಿದರು. ಒಂದು ಗ್ರಂಥವನ್ನು ಹಿಡಿದರೆ ಅವಸರವಿಲ್ಲದೆ ಓದುವುದು, ಚರ್ಚಿಸುವುದು. ಗೀತೆಯನ್ನು ಕುರಿತು ಹೀಗೆ ನಡೆದ ವ್ಯಾಖ್ಯಾನವೇ ಜೀವನಧರ್ಮಯೋಗವೆಂಬ ಗ್ರಂಥವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ತರಗತಿಯ ಟಿಪ್ಪಣಿಗೆ ಅಂಥ ಭಾಗ್ಯ ಬರುವುದನ್ನು ನಾವು ಕಾಲೇಜಿನವರು ಕಂಡದ್ದು ಕಡಿಮೆ.

ಇಲ್ಲಿ ನನ್ನದೊಂದು ಆಕ್ಷೇಪವನ್ನೂ ಹೇಳಿಬಿಡಬೇಕು. ಗಣಿಯಲ್ಲಿ ರಾತ್ರಿಯ ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನಿಗೆ ಬಸವನಗುಡಿ ಬಹಳ ದೂರ. ಅಲ್ಲಿಯ ಸಂಸ್ಕೃತಭೂಯಿಷ್ಠವಾದ ಕನ್ನಡವೂ ದೂರವೇ. ಸೋಡಾ ಕಾರ್ಖಾನೆಯ ಹುಡುಗ ಗುರುವಾದ ಮೇಲೆ, ಆ ಕಾರ್ಖಾನೆಯಲ್ಲಿ ಉಳಿದವರಿಗೆ ಗೋಷ್ಠಿಯ ಬಾಗಿಲು ಎಲ್ಲಿ ಕಾಣಬೇಕಿತ್ತು? ಅವರನ್ನು ಗೌರವಿಸುತ್ತಲೇ ಈ ಪ್ರಶ್ನೆಯನ್ನು ನಾನು ಬಿಡಲಾರೆ. ದೂರ ನಡೆದದ್ದು ಗೋಷ್ಠಿಯಲ್ಲ, 1943ರಲ್ಲಿ ಅಚ್ಚಾದ ಮಂಕುತಿಮ್ಮನ ಕಗ್ಗ. ನಾಲ್ಕು ಸಾಲಿನ ಆ ಪದ್ಯಗಳನ್ನು ಶಾಲೆ ಬಿಟ್ಟವರೂ ಬಾಯಿಪಾಠ ಮಾಡಿದರು. ನನ್ನ ಕೋಣೆಗೆ ಬರುವವರಲ್ಲಿ ಬಹುಮಂದಿಯ ಮನೆಮಾತು ತಮಿಳು. ಅವರಿಗೆ ಕಗ್ಗದ ಒಂದು ಪದ್ಯವನ್ನು ಬಿಡಿಸಿ ಹೇಳಿದಾಗ, ಇದು ನಮ್ಮ ತಿರುಕ್ಕುರಳಿನ ದಾರಿಯಲ್ಲವೇ ಎಂದು ಒಬ್ಬರು ಕೇಳಿದರು. ಛಂದಸ್ಸು ಬೇರೆ, ಕಾಲ ಬೇರೆ ಎಂದು ನಾನು ಅಧ್ಯಾಪಕನ ಚಾಳಿಯಲ್ಲಿ ತಿದ್ದಹೋದೆ, ಆಮೇಲೆ ಸುಮ್ಮನಾದೆ. ಅವರು ಕಂಡದ್ದು ಸುಳ್ಳೇನಾಗಿರಲಿಲ್ಲ.

1970ರಲ್ಲಿ ಬೆಂಗಳೂರಿನ ಜನ ಡಿ.ವಿ.ಜಿ.ಯವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅರ್ಪಿಸಿದರು. ಆ ಹಣವನ್ನೆಲ್ಲ ಅವರು ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಮುಂದಿನ ಭಾನುವಾರ ಈ ಕಥೆಯನ್ನೆಲ್ಲ, ನನ್ನ ಆಕ್ಷೇಪವನ್ನೂ ಸೇರಿಸಿ, ಪ್ರಶ್ನೆ ಕೇಳಿದವರಿಗೆ ಹೇಳಿದೆ. ಅವರು ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ. ಆಕೆ ಎಲ್ಲವನ್ನೂ ಕೇಳಿ, ಕೈಗೆ ಬಂದ ಲಕ್ಷವನ್ನೂ ಕೊಟ್ಟುಬಿಟ್ಟರೇ ಎಂದು ಬೆರಗಾದರಂತೆ. ಬಡ್ತಿಯ ಮಾತನ್ನು ಅಂದು ಎತ್ತಲಿಲ್ಲವಂತೆ. ಈ ವಾರ ರಾಜ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಇಟ್ಟುಕೊಂಡಿದ್ದೇವೆ. ರೈಲು ತಡವಾಗದ ದಿನ ನೋಡಿ ವಾರದ ನಡುವೆಯೂ ಒಮ್ಮೆ ಸೇರೋಣವೆಂದು ಅವರೇ ಸೂಚಿಸಿದ್ದಾರೆ.