ಗೇಲನ್

ಊಟದ ನಡುವೆ ನಕ್ಕರೆ ತುತ್ತು ನೆತ್ತಿಗೆ ಹತ್ತುವುದುಂಟು. ಆಗ ಹಿರಿಯರು ತಲೆಯನ್ನು ತಟ್ಟಿ, ಯಾರೋ ನೆನೆಸಿಕೊಂಡಿರಬೇಕೆನ್ನುತ್ತಾರೆ. ನಿಜವಾಗಿ ಅಗುಳು ಏರಿದ್ದು ನೆತ್ತಿಗಲ್ಲ. ಅನ್ನನಾಳಕ್ಕೆ ಇಳಿಯಬೇಕಾದುದು ಅದರ ಮುಂದಿರುವ ಶ್ವಾಸನಾಳದ ಬಾಗಿಲನ್ನು ಮುಟ್ಟಿದೆ. ಆ ಬಾಗಿಲೇ ಧ್ವನಿಪೆಟ್ಟಿಗೆ. ನುಂಗಿದಾಗಲೆಲ್ಲ ಅದು ಮೇಲೇರಿ ಮುಚ್ಚಿಕೊಳ್ಳುತ್ತದೆ. ಉಸಿರು ಕ್ಷಣಕಾಲ ನಿಲ್ಲುತ್ತದೆ. ಈ ಬಾಗಿಲನ್ನು ಆಳುವ ನರವನ್ನು 1800 ವರ್ಷಗಳ ಹಿಂದೆಯೇ ಕಂಡು ತೋರಿಸಿದವನು ಗೇಲನ್.

ಇಂದಿನ ತುರ್ಕಿಯಲ್ಲಿರುವ ಪೆರ್ಗಮಮ್ ನಗರದಲ್ಲಿ ಕ್ರಿ.ಶ. 129ರಲ್ಲಿ ಅವನು ಜನಿಸಿದನು. ತಂದೆ ನಿಕಾನ್ ವಾಸ್ತುಶಿಲ್ಪಿ. ಮಗನನ್ನು ವೈದ್ಯನನ್ನಾಗಿ ಮಾಡೆಂದು ಆತನಿಗೆ ಕನಸಿನಲ್ಲಿ ದೇವರ ಅಪ್ಪಣೆಯಾಯಿತಂತೆ. ಸ್ಮರ್ನಾ, ಕಾರಿಂಥ್, ಅಲೆಕ್ಸಾಂಡ್ರಿಯಗಳಲ್ಲಿ ಕಲಿತ ಗೇಲನ್ 157ರಲ್ಲಿ ಊರಿಗೆ ಮರಳಿ, ಕತ್ತಿಕಾಳಗದ ಗ್ಲಾಡಿಯೇಟರುಗಳಿಗೆ ವೈದ್ಯನಾದನು. ಆ ನತದೃಷ್ಟರ ಗಾಯಗಳೇ ಅವನಿಗೆ ಶರೀರಶಾಸ್ತ್ರದ ಪಾಠಗಳಾದುವು. 162ರಲ್ಲಿ ಅವನು ರೋಮ್ ನಗರವನ್ನು ಸೇರಿದನು.

ಅಲ್ಲಿ ಪಂಡಿತರ ನಡುವೆ ಒಂದು ಹಳೆಯ ವಾದವಿತ್ತು. ದನಿ ಎದೆಯಿಂದ ಹೊಮ್ಮುವುದರಿಂದ ಮಾತಿಗೂ ಬುದ್ಧಿಗೂ ಹೃದಯವೇ ನೆಲೆಯೆಂದು ಸ್ಟೋಯಿಕ್ ತತ್ತ್ವಜ್ಞರು ನಂಬಿದ್ದರು. ನೆಲೆ ಮಿದುಳೆಂಬುದು ಗೇಲನ್ನನ ನಿಲುವು. ಬೋಯಿಥಸ್ ಎಂಬ ಅಧಿಕಾರಿ ಏರ್ಪಡಿಸಿದ ಸಭೆಯಲ್ಲಿ ಅವನು ಅದನ್ನು ಸಿದ್ಧಪಡಿಸಲು ನಿಂತನು. ಕಣ್ಣಿಗೆ ಕಂಡುದನ್ನು ನಂಬಬೇಕೇಕೆಂದು ಡಮಾಸ್ಕಸ್ಸಿನ ಅಲೆಕ್ಸಾಂಡರ್ ಆರಂಭದಲ್ಲೇ ಕೊಂಕು ತೆಗೆದಾಗ ಮುನಿದು ಎದ್ದೇ ಹೋದನು! ವಿನಯವು ಅವನ ಗುಣಗಳಲ್ಲಿ ಸೇರಿರಲಿಲ್ಲ. ಉಳಿದವರ ಒತ್ತಾಯದಿಂದ ಪ್ರದರ್ಶನ ಮತ್ತೆ ನಡೆಯಿತು. ಅರಚುತ್ತಿದ್ದ ಹಂದಿಯ ಕೊರಳಿನಲ್ಲಿ ನೂಲಿನಂಥ ಎರಡು ನರಗಳನ್ನು ಬಿಡಿಸಿ ದಾರದಿಂದ ಬಿಗಿದೊಡನೆ, ಅದು ಒದ್ದಾಡುತ್ತಿದ್ದರೂ ದನಿ ಅಡಗಿತು. ದಾರವನ್ನು ಸಡಿಲಿಸಿದೊಡನೆ ಅರಚು ಮರಳಿತು. ಅರಿವಳಿಕೆಯಿಲ್ಲದ ಕಾಲದ ಈ ಕ್ರೌರ್ಯವನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಆದರೆ ವಾದವನ್ನು ಹೃದಯದವರು ಸೋತಿದ್ದರು.

ಆ ನರಗಳ ದಾರಿ ವಿಚಿತ್ರವಾದುದು. ಮಿದುಳಿನಿಂದ ಹೊರಟ ನರ ಗಂಟಲನ್ನು ದಾಟಿ ಎದೆಯವರೆಗೆ ಇಳಿಯುತ್ತದೆ. ಎಡಗಡೆಯದು ಮಹಾಪಧಮನಿಯನ್ನು ಬಳಸಿ, ಬಾವಿಯ ರಾಟೆಯ ಹಗ್ಗದಂತೆ ಹಿಂದಿರುಗಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಗೇಲನ್ನನೂ ರಾಟೆಯ ಉಪಮೆಯನ್ನೇ ಕೊಟ್ಟು, ಇದು ಪ್ರಕೃತಿಯ ಜಾಣ್ಮೆಯೆಂದು ಕೊಂಡಾಡಿದನು. ಗರ್ಭದಲ್ಲಿ ಕೊರಳ ಬಳಿ ಮೂಡಿದ ಹೃದಯವು ಕೆಳಗಿಳಿಯುವಾಗ ನರವನ್ನೂ ಎಳೆದೊಯ್ಯುವುದೇ ಇದಕ್ಕೆ ಕಾರಣವೆಂದು ಈಗ ತಿಳಿದಿದೆ.

ಈ ನರಕ್ಕೆ ಕುತ್ತು ಬಂದರೆ ಆಗುವ ಅನಾಹುತವನ್ನೂ ಅವನು ದಾಖಲಿಸಿದನು. ಬಾಲಕನೊಬ್ಬನ ಕೊರಳ ಗಡ್ಡೆಗಳನ್ನು ತೆಗೆಯುತ್ತಿದ್ದ ಶಸ್ತ್ರವೈದ್ಯನೊಬ್ಬನು ಅರಿಯದೆ, ಉಗುರಿನಿಂದ ಕಿತ್ತೆಳೆದಾಗ ನರಗಳೂ ಹರಿದುವು. ಗಡ್ಡೆ ಹೋಯಿತು, ಹುಡುಗನ ದನಿಯೂ ಹೋಯಿತು. ಇನ್ನೊಬ್ಬನಿಗೆ ಶಸ್ತ್ರಚಿಕಿತ್ಸೆಯ ವೇಳೆ ನರಗಳಿಗೆ ಶೀತ ತಗುಲಿ ದನಿ ಕೆಟ್ಟಿತ್ತು. ಬಿಸಿಯೂಡುವ ಮದ್ದುಗಳಿಂದ ಗೇಲನ್ ಅದನ್ನು ಮರಳಿಸಿದನು.

ಉಸಿರಾಡುವಾಗ ನೆಟ್ಟಗೆ ನಿಂತಿರುವ ಧ್ವನಿಪೆಟ್ಟಿಗೆಯ ಮುಚ್ಚಳವು, ನುಂಗುವಾಗ ತುತ್ತಿನ ಭಾರಕ್ಕೆ ಬಾಗುತ್ತದೆಂದು ಅವನು ಬರೆದನು. ಬಾಗುವುದು ದಿಟ, ಆದರೆ ಧ್ವನಿಪೆಟ್ಟಿಗೆ ಮೇಲೇರುವುದೂ ನಾಲಗೆಯ ಬುಡ ಹಿಂದೊತ್ತುವುದೂ ಅದನ್ನು ಬಾಗಿಸುತ್ತವೆ. ಅದರಡಿಯಲ್ಲಿ ಧ್ವನಿತಂತುಗಳೂ ಕೂಡಿಕೊಂಡು ಎರಡನೆಯ ಕದವಾಗುತ್ತವೆ. ಅವುಗಳನ್ನು ಕೂಡಿಸುವುದು ಗೇಲನ್ ಕಟ್ಟಿ ಬಿಚ್ಚಿದ ಆ ನರವೇ. ಅದು ಸೋತವರಿಗೆ ದನಿ ಒಡೆಯುವುದಷ್ಟೇ ಅಲ್ಲ, ನೀರು ಕುಡಿದರೂ ಕೆಮ್ಮು ಬರುತ್ತದೆ.

ಮಾರ್ಕಸ್ ಅರೀಲಿಯಸ್ ಚಕ್ರವರ್ತಿಯ ವೈದ್ಯನಾಗಿ ಕೀರ್ತಿ ಗಳಿಸಿದ ಗೇಲನ್, 192ರ ರೋಮ್ ಬೆಂಕಿಯಲ್ಲಿ ತನ್ನ ಅನೇಕ ಹಸ್ತಪ್ರತಿಗಳನ್ನು ಕಳೆದುಕೊಂಡನು. ಆದರೂ ಬರೆಯುವುದನ್ನು ಬಿಡಲಿಲ್ಲ. ಮಡಿದುದು ಸುಮಾರು 216ರಲ್ಲಿ. ಮಾನವ ಶವಗಳನ್ನು ಕೊಯ್ದು ನೋಡದೆ, ಕೋತಿ, ಹಂದಿಗಳಲ್ಲಿ ಕಂಡುದನ್ನೇ ಮನುಷ್ಯನಿಗೂ ಹೇಳಿದ್ದರಿಂದ ಅವನು ಅನೇಕ ಕಡೆ ತಪ್ಪಿದನು. 1543ರಲ್ಲಿ ವೆಸೇಲಿಯಸ್ ಆ ತಪ್ಪುಗಳನ್ನು ಎತ್ತಿ ತೋರಿಸಿದನು. ಆದರೆ ಈ ನರದ ವಿಷಯದಲ್ಲಿ ಅವನೂ ಗೇಲನ್ನನ ಪ್ರಯೋಗವನ್ನೇ ತನ್ನ ಗ್ರಂಥದಲ್ಲಿ ವಿವರಿಸಿದನು.

ಧ್ವನಿಪೆಟ್ಟಿಗೆಗೆ ಮೇಲಿನಿಂದ ಬರುವ ಇನ್ನೊಂದು ನರ ತುತ್ತಿನ ಸ್ಪರ್ಶವನ್ನು ಮಿದುಳಿಗೆ ತಿಳಿಸುತ್ತದೆ. ಆ ನರಕ್ಕೂ ಕೆಳಗಿನಿಂದ ಹಿಂದಿರುಗುವ ಈ ನರಕ್ಕೂ ನಡುವೆ ಇರುವ ಸಣ್ಣ ಕೊಂಡಿಗೆ ವೈದ್ಯಗ್ರಂಥಗಳಲ್ಲಿ ಇಂದಿಗೂ ಗೇಲನ್ನನ ಹೆಸರೇ ಇದೆ.