ಕಿವುಡ ಮಕ್ಕಳ ಗುರು ಅಬೆ ದ ಲೆಪೆ

ಸಿಂಧನೂರಿನ ಕ್ಯಾಂಪುಗಳಿಗಾಗಲಿ, ಲಿಂಗಸುಗೂರು ಮತ್ತು ಮಸ್ಕಿ ಕಡೆಯ ತಾಂಡಾಗಳಿಗಾಗಲಿ ಮನೆಭೇಟಿಗೆ ಹೋದಾಗ, ಕಿವಿ ಕೇಳದ ಮಗುವೊಂದು ಬಾಗಿಲ ಬಳಿ ನಿಂತು ನಮ್ಮ ಮುಖವನ್ನೇ ದಿಟ್ಟಿಸುವುದನ್ನು ನಾವು ಹಲವು ಬಾರಿ ಕಂಡಿದ್ದೇವೆ. ಈ ಕೂಸಿಗೆ ಯಾವ ಸನ್ನೆಗಳನ್ನು ಕಲಿಸಬೇಕೆಂದು ತಾಯಂದಿರು ಕೇಳುತ್ತಾರೆ. ಅಜ್ಜಿ ತೋರಿಸುವ ಮನೆಯ ಸನ್ನೆಗಳೇ ಸಾಕೆ? ಕನ್ನಡ ವಾಕ್ಯದ ಒಂದೊಂದು ಪದಕ್ಕೂ ಒಂದೊಂದು ಪ್ರತ್ಯಯಕ್ಕೂ ಕೈಗುರುತನ್ನು ಹೂಡುವ ಕ್ರಮ ಒಳ್ಳೆಯದೆ? ದೊಡ್ಡ ಕಿವುಡರು ತಮ್ಮತಮ್ಮೊಳಗೆ ಆಡುವ ಭಾರತೀಯ ಸಂಜ್ಞಾ ಭಾಷೆಯೇ ಮೇಲೆ? ಅಥವಾ ಸನ್ನೆಯನ್ನೇ ಬಿಡಿಸಿ, ತುಟಿಗಳನ್ನು ನೋಡಿ ಮಾತು ಕಲಿಯುವಂತೆ ಮಾಡಬೇಕೆ? ಸುಮಾರು 260 ವರ್ಷಗಳ ಹಿಂದೆ ಪ್ಯಾರಿಸ್ ನಗರದ ಒಬ್ಬ ಗುರುವಿಗೂ ಇದೇ ಪ್ರಶ್ನೆ ಎದುರಾಗಿದ್ದಿತು. ಅವರು ಅದಕ್ಕೆ ಅರ್ಧ ಸರಿಯಾದ, ಅರ್ಧ ತಪ್ಪಾದ ಉತ್ತರವನ್ನು ಕೊಟ್ಟರು. ಆ ಎರಡೂ ಅರ್ಧಗಳು ನಮಗೆ ಬೇಕಾದವುಗಳೇ ಆದುದರಿಂದ ಅವರ ಜೀವನವನ್ನು ಇಲ್ಲಿ ನಿರೂಪಿಸುತ್ತೇವೆ.

ಷಾರ್ಲ್ ಮಿಶೆಲ್ ದ ಲೆಪೆ 1712ರ ನವೆಂಬರಿನಲ್ಲಿ ವರ್ಸೇಲ್ಸ್‌ನಲ್ಲಿ ಜನಿಸಿದರು. ತಂದೆ ಅರಮನೆಯ ಕಟ್ಟಡಗಳ ಕೆಲಸಕ್ಕೆ ಸೇರಿದವರು, ಮನೆಯಲ್ಲಿ ಕೊರತೆಯಿರಲಿಲ್ಲ. ದೇವಶಾಸ್ತ್ರವನ್ನು ಓದಿ ಗುರುವಾಗಬೇಕೆಂಬ ಹಂಬಲ ಹೊತ್ತಿದ್ದ ಯುವಕನಿಗೆ ಮೊದಲ ಅಡ್ಡಿ ಬಂದುದು ಒಂದು ಸಹಿಯ ರೂಪದಲ್ಲಿ. ಯಾನ್ಸೇನನ ಬೋಧನೆಯನ್ನು ಖಂಡಿಸುವ ಪತ್ರಕ್ಕೆ ಸಹಿ ಮಾಡದವರಿಗೆ ಗುರುದೀಕ್ಷೆ ಇಲ್ಲವೆಂಬ ಕಾಲ ಅದು. ಲೆಪೆಯವರು ಸಹಿ ಮಾಡಲಿಲ್ಲ. ಕಾನೂನು ಓದಿ ವಕೀಲರಾದರು. ಕೊನೆಗೆ ತ್ರ್ವಾ ನಗರದ ಧರ್ಮಾಧ್ಯಕ್ಷರು ಅವರಿಗೆ ಗುರುದೀಕ್ಷೆಯಿತ್ತರಾದರೂ, ಆ ಧರ್ಮಾಧ್ಯಕ್ಷರು ತೀರಿಕೊಂಡ ಮೇಲೆ ಪ್ಯಾರಿಸ್ಸಿಗೆ ಮರಳಿದವರಿಗೆ ಅಲ್ಲಿನ ಮಹಾಧರ್ಮಾಧ್ಯಕ್ಷರಿಂದ ಗುರುಸೇವೆಗೆ ನಿರ್ಬಂಧ ಬಂದಿತು. ಆ ಜಗಳದಲ್ಲಿ ಯಾರ ಪಕ್ಷ ನ್ಯಾಯವಾದುದೆಂದು ತೀರ್ಮಾನಿಸುವುದು ಈ ಅಂಕಣದ ಕೆಲಸವಲ್ಲ. ಗುರುವಾಗಿದ್ದೂ ಧರ್ಮಕೇಂದ್ರವಿಲ್ಲದ, ಐವತ್ತರ ಅಂಚಿನ ಮನುಷ್ಯನೊಬ್ಬ ಕೈಕಟ್ಟಿ ಕುಳಿತಿದ್ದನೆಂಬುದನ್ನು ಮಾತ್ರ ವಾಚಕರು ಗಮನಿಸಬೇಕು.

1760ರ ಸುಮಾರಿಗೆ ಅವರು ಯಾವುದೋ ಕೆಲಸದ ನಿಮಿತ್ತ ಒಂದು ಮನೆಗೆ ಹೋದರು. ಇಬ್ಬರು ಹುಡುಗಿಯರು ತಲೆತಗ್ಗಿಸಿ ಹೊಲಿಗೆಯಲ್ಲಿ ತೊಡಗಿದ್ದರು. ಮಾತನಾಡಿಸಿದರೆ ಉತ್ತರವಿಲ್ಲ; ಮತ್ತೊಮ್ಮೆ ಕೇಳಿದರೂ ಉತ್ತರವಿಲ್ಲ. ತಾಯಿ ಬಂದು, ಇವರಿಬ್ಬರೂ ಕಿವುಡರಾದ ಅವಳಿಗಳೆಂದೂ, ಚಿತ್ರಗಳನ್ನು ತೋರಿಸಿ ಧರ್ಮವನ್ನು ಕಲಿಸುತ್ತಿದ್ದ ವಾನಿನ್ ಎಂಬ ಗುರುಗಳು ತೀರಿಕೊಂಡರೆಂದೂ ಕಣ್ಣೀರಿಟ್ಟು ತಿಳಿಸಿದಳು. ಲೆಪೆ ಸ್ವಾಮಿಗಳು ಆ ಮಕ್ಕಳನ್ನು ತಮ್ಮ ಪಾಲಿಗೆ ತೆಗೆದುಕೊಂಡರು.

ಅದು ಸಣ್ಣ ಧೈರ್ಯವಲ್ಲ. ಬುದ್ಧಿಯ ಬೆಳವಣಿಗೆಗೆ ಕಣ್ಣಿಗಿಂತ ಕಿವಿಯೇ ಹೆಚ್ಚು ಸಹಾಯಕವೆಂದು ಅರಿಸ್ಟಾಟಲನು ಎಣಿಸಿದ್ದನು. ವಿಶ್ವಾಸವು ಕೇಳುವಿಕೆಯಿಂದ ಬರುತ್ತದೆಂಬ ಸಂತ ಪೌಲರ ಮಾತನ್ನು ಅಕ್ಷರಶಃ ಹಿಡಿದು, ಕಿವುಡರಿಗೆ ವಿಶ್ವಾಸದ ಬಾಗಿಲೇ ಇಲ್ಲವೆಂದು ತಿಳಿದವರೂ ಇದ್ದರು. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಒಡಂಬಡಿಕೆಯದೇ ಹೊರತು ಸ್ವಭಾವಸಿದ್ಧವಾದುದಲ್ಲವೆಂದು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ಓದಿದವರೇ. ಲೆಪೆಯವರು ಅದರಿಂದ ಒಂದು ಸರಳ ತೀರ್ಮಾನಕ್ಕೆ ಬಂದರು: ಕಿವಿಯ ಮೂಲಕ ಬರುವ ಧ್ವನಿಗೆ ಅರ್ಥವನ್ನು ಕಟ್ಟಬಹುದಾದರೆ, ಕಣ್ಣಿಗೆ ಕಾಣುವ ಸನ್ನೆಗೂ ಕಟ್ಟಬಹುದು. ತತ್ತ್ವಜ್ಞಾನಿ ಕೋಂಡಿಯಾಕ್ ಅವರ ಪಾಠಗಳನ್ನು ಕಣ್ಣಾರೆ ನೋಡಿ ಮೆಚ್ಚಿ ಬರೆದನು.

ಕಿವುಡರಿಗೆ ಕಲಿಸಿದವರಲ್ಲಿ ಇವರೇ ಮೊದಲಿಗರಲ್ಲ. ಸ್ಪೇನಿನ ಬೆನೆಡಿಕ್ಟೈನ್ ಸನ್ಯಾಸಿ ಪೆದ್ರೋ ಪೋನ್ಸೆ 16ನೆಯ ಶತಮಾನದಲ್ಲಿಯೇ ಶ್ರೀಮಂತರ ಮಕ್ಕಳಿಗೆ ಕಲಿಸಿದ್ದರು. ಲೆಪೆಯವರ ಹೊಸತನವೆಂದರೆ ಬಡ ಮಕ್ಕಳನ್ನು ಒಟ್ಟುಗೂಡಿಸಿದುದು. ಮುಲಾಂ ಬೀದಿಯ ತಮ್ಮ ಮನೆಯಲ್ಲಿಯೇ ವಾರಕ್ಕೆರಡು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಪಾಠ, ಶುಲ್ಕವಿಲ್ಲ, ಖರ್ಚೆಲ್ಲ ಪಿತ್ರಾರ್ಜಿತ ವರಮಾನದಿಂದ. 1780ರ ದಶಕದಲ್ಲಿ ಮಕ್ಕಳ ಸಂಖ್ಯೆ ಎಪ್ಪತ್ತರ ಸುಮಾರಿಗೆ ಮುಟ್ಟಿತು. ಬೇರೆಬೇರೆ ಮನೆಗಳಲ್ಲಿ ಒಂಟಿಯಾಗಿದ್ದ ಮಕ್ಕಳು ಒಂದೆಡೆ ಸೇರಿದಾಗ, ಒಬ್ಬರ ಸನ್ನೆಗೆ ಮತ್ತೊಬ್ಬರ ಸನ್ನೆ ಬೆರೆತು, ಪಾಠವಿಲ್ಲದ ವೇಳೆಯಲ್ಲಿಯೂ ಮಾತು ಬೆಳೆಯತೊಡಗಿತು. ನಮ್ಮ ದೃಷ್ಟಿಯಲ್ಲಿ ಅವರು ಮಾಡಿದ ಕೆಲಸಗಳಲ್ಲೆಲ್ಲ ಇದೇ ದೊಡ್ಡದು. ಆದರೆ ಅವರು ಹೆಮ್ಮೆಪಟ್ಟುಕೊಂಡುದು ಬೇರೆಯದಕ್ಕೆ.

ಮಕ್ಕಳ ಸಹಜ ಸನ್ನೆಗಳು ಅವರಿಗೆ ಅಪೂರ್ಣವೆನಿಸಿದವು. ಅವುಗಳಲ್ಲಿ ಫ್ರೆಂಚ್ ಭಾಷೆಯ ಲಿಂಗಸೂಚಕಗಳಿಲ್ಲ, ಕಾಲಸೂಚಕಗಳಿಲ್ಲ. ಆದುದರಿಂದ ಅವರು ಕ್ರಮಬದ್ಧ ಸನ್ನೆಗಳೆಂಬ ವ್ಯವಸ್ಥೆಯನ್ನು ಕಟ್ಟಿದರು. ಪುಲ್ಲಿಂಗಕ್ಕೆ ಕೈಯನ್ನು ಟೋಪಿಗೆ ಮುಟ್ಟಿಸುವುದು, ಸ್ತ್ರೀಲಿಂಗಕ್ಕೆ ಕಿವಿಗೆ. ಭೂತಕಾಲಕ್ಕೆ ಕೈಯನ್ನು ಭುಜದ ಹಿಂದಕ್ಕೆ ಎಸೆಯುವುದು, ಅದರ ಬಗೆಗೆ ತಕ್ಕಂತೆ ಒಮ್ಮೆ, ಎರಡು ಬಾರಿ, ಮೂರು ಬಾರಿ. ನಂಬುತ್ತೇನೆ ಎಂಬ ಒಂದು ಕ್ರಿಯಾಪದಕ್ಕೆ ಮನಸ್ಸಿನಿಂದ ಹೌದೆನ್ನುವುದು, ಹೃದಯದಿಂದ ಹೌದೆನ್ನುವುದು, ಬಾಯಿಂದ ಹೌದೆನ್ನುವುದು, ಕಣ್ಣಿಂದ ಕಾಣದಿರುವುದು ಎಂಬ ನಾಲ್ಕು ಸನ್ನೆಗಳು. ಧರ್ಮೋಪದೇಶ ಮಾಡುವವರಿಗೆ ಈ ವಿಶ್ಲೇಷಣೆ ಬಹು ಸುಂದರವಾಗಿ ತೋರುತ್ತದೆ. ಏಳು ವರ್ಷದ ಮಗುವಿಗೆ ಹೇಗೆ ತೋರಬಹುದು? ಸಂತೆಗೆ ಹೋಗಿದ್ದೆನೆಂಬುದನ್ನು ನಮ್ಮ ಕಿವುಡ ಮಗು ಎರಡು ಮೂರು ಕೈಚಲನೆಯಲ್ಲಿ, ಮುಖಭಾವದೊಡನೆ, ಕ್ಷಣದಲ್ಲಿ ಹೇಳಿ ಮುಗಿಸುತ್ತದೆ. ಅದರ ನಡುವೆ ಚತುರ್ಥಿಗೊಂದು, ಭೂತಕಾಲಕ್ಕೊಂದು, ಉತ್ತಮ ಪುರುಷಕ್ಕೊಂದು ಕೈಗುರುತನ್ನು ತುರುಕಿದರೆ ವಾಕ್ಯದ ಉಸಿರು ಕಟ್ಟುತ್ತದೆ.

ಬಹಿರಂಗ ಪರೀಕ್ಷೆಗಳಲ್ಲಿ ಶಿಷ್ಯರು ಫ್ರೆಂಚ್, ಲ್ಯಾಟಿನ್, ಇಟಾಲಿಯನ್ ವಾಕ್ಯಗಳನ್ನು ಸನ್ನೆ ನೋಡಿ ತಪ್ಪಿಲ್ಲದೆ ಬರೆಯುತ್ತಿದ್ದರು. 1777ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಬಂದು ಬೆರಗಾಗಿ ನೋಡಿದನು. ಅದರ ಫಲವಾಗಿ 1779ರಲ್ಲಿ ವಿಯೆನ್ನಾದಲ್ಲಿಯೂ ಶಾಲೆಯಾಯಿತು. ಆದರೆ ಈ ಶಿಷ್ಯರು ತಮ್ಮ ಸ್ವಂತ ವಿಚಾರಗಳನ್ನು ಬರವಣಿಗೆಯಲ್ಲಿ ಹೇಳಬಲ್ಲರೆಂದು ನಿರೀಕ್ಷಿಸಬಾರದೆಂದು ಲೆಪೆಯವರೇ ಮುಂದೆ ತಮ್ಮ ಉತ್ತರಾಧಿಕಾರಿಯಾದ ಸಿಕಾರ್ ಅವರಿಗೆ ಪತ್ರದಲ್ಲಿ ಒಪ್ಪಿಕೊಂಡರು. ಕೈಗೆ ವ್ಯಾಕರಣ ಬಂದಿದ್ದಿತು, ಮನಸ್ಸಿಗೆ ಭಾಷೆ ಬಂದಿರಲಿಲ್ಲ.

ನಮ್ಮದೊಂದು ತಪ್ಪನ್ನೂ ಇಲ್ಲಿ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕಿವುಡ ಬಾಲಕನೊಬ್ಬನನ್ನು ಪ್ರಥಮ ಪರಮ ಪ್ರಸಾದಕ್ಕೆ ಸಿದ್ಧಪಡಿಸುವಾಗ, ವಿದೇಶದ ಪುಸ್ತಕವೊಂದರಿಂದ ಒಂಟಿಗೈ ಬೆರಳಕ್ಷರಗಳನ್ನು ಕಲಿತು, ಪ್ರಾರ್ಥನೆಯನ್ನು ಪದಪದವಾಗಿ ಅವನ ಬೆರಳುಗಳಿಗೆ ಇಳಿಸಿದೆವು. ಮೂರು ತಿಂಗಳಲ್ಲಿ ಒಂದಕ್ಷರ ತಪ್ಪದಂತೆ ಒಪ್ಪಿಸಿದನು. ಅವನು ಅದನ್ನು ಶಾಲೆಯ ಡ್ರಿಲ್ಲಿನಂಥ ಕೈಯಾಟವೆಂದು ತಿಳಿದಿದ್ದನೆಂಬುದು ಅವನ ಅಕ್ಕ ಹೇಳಿದ ಮೇಲೆಯೇ ನಮಗೆ ಗೊತ್ತಾಯಿತು. ಭಾರತದ ಕಿವುಡರು ಬಳಸುವುದು ಎರಡು ಕೈಗಳ ಬೆರಳಕ್ಷರವಾದುದರಿಂದ, ಕಲಿತದ್ದು ಅವನಿಗೆ ಬೇರೆ ಕಿವುಡ ಮಕ್ಕಳ ನಡುವೆಯೂ ಉಪಯೋಗಕ್ಕೆ ಬರಲಿಲ್ಲ.

ಲೆಪೆಯವರ ಕಾಲದಲ್ಲಿಯೇ ಕಿವುಡನೊಬ್ಬನು ಲೇಖನಿ ಹಿಡಿದನು. ಪಿಯೆರ್ ದೆಲೋಜ್ ಎಂಬವನು ಪುಸ್ತಕಗಳಿಗೆ ರಟ್ಟು ಕಟ್ಟುವ ಬಡ ಕೆಲಸಗಾರ. ಬಾಲ್ಯದಲ್ಲಿ ಸಿಡುಬಿನಿಂದ ಕಿವುಡನಾದವನು. 1779ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ, ಪ್ಯಾರಿಸ್ಸಿನ ಕಿವುಡರಿಗೆ ಶಾಲೆಯ ಹಂಗಿಲ್ಲದ ತಮ್ಮದೇ ಭಾಷೆಯಿದೆಯೆಂದೂ, ಅದರಲ್ಲಿ ಎಲ್ಲ ವಿಷಯಗಳನ್ನೂ ಮಾತನಾಡುತ್ತಾರೆಂದೂ, ಲೆಪೆಯವರು ಅದನ್ನು ಸೃಷ್ಟಿಸಿದವರಲ್ಲ, ಕಂಡುಕೊಂಡವರೆಂದೂ ಗೌರವದಿಂದಲೇ ತಿಳಿಸಿದನು. ಆಗ ಲೆಪೆಯವರ ಗಮನವೆಲ್ಲ ಎದುರಾಳಿಗಳ ಕಡೆಗಿದ್ದಿತು. ಪ್ಯಾರಿಸ್ಸಿನಲ್ಲಿ ಪೆರೇರ್, ಲೈಪ್‌ಜಿಗ್‌ನಲ್ಲಿ ಹೈನಿಕೆ, ಇಬ್ಬರೂ ಮಾತನ್ನೇ ಕಲಿಸಬೇಕೆಂಬವರು. ಹೈನಿಕೆಯೊಡನೆ ನಡೆದ ಪತ್ರವಾದವು ಜ್ಯೂರಿಕ್ಕಿನ ವಿದ್ವಾಂಸರ ಮುಂದೆ ಹೋಗಿ 1783ರಲ್ಲಿ ಲೆಪೆಯವರ ಪರವಾಗಿ ತೀರ್ಪಾಯಿತು. ದೆಲೋಜನ ಪುಸ್ತಕಕ್ಕಾದರೋ ಅಂಥ ವಿಚಾರಣೆಯ ಭಾಗ್ಯ ಬರಲಿಲ್ಲ.

1788ರ ಚಳಿಗಾಲ ಫ್ರಾನ್ಸಿನಲ್ಲಿ ಬಹು ಕಠೋರವಾಗಿದ್ದಿತು. ಮಕ್ಕಳಿಗೆ ಕಡಿಮೆಯಾದೀತೆಂದು ಎಪ್ಪತ್ತಾರರ ವೃದ್ಧರು ತಮ್ಮ ಕೋಣೆಗೆ ಸೌದೆ ಕೊಳ್ಳದೆ ನಡುಗುತ್ತಿದ್ದರೆಂದೂ, ಮಕ್ಕಳು ಅತ್ತು ಬೇಡಿಕೊಂಡ ಮೇಲೆಯೇ ಬೆಂಕಿ ಹಾಕಿಸಿದರೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ. ಕ್ರಾಂತಿಯ ವರ್ಷವಾದ 1789ರ ಡಿಸೆಂಬರ್ 23ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ದೇಹವನ್ನು ಸಂತ ರೋಕರ ದೇವಾಲಯದಲ್ಲಿ ಭೂಸ್ಥಾಪನೆ ಮಾಡಲಾಯಿತು. 1791ರಲ್ಲಿ ರಾಷ್ಟ್ರೀಯ ಸಭೆಯು ಶಾಲೆಯನ್ನು ವಹಿಸಿಕೊಂಡಿತು. ಅದು ಇಂದಿಗೂ ನಡೆಯುತ್ತಿದೆ.

ಅವರ ಅರ್ಧ ತಪ್ಪನ್ನು ತಿದ್ದಿದವನು ಅದೇ ಶಾಲೆಯ ಅಧ್ಯಾಪಕ ಬೆಬಿಯಾನ್. 1817ರಲ್ಲಿ ಅವನು, ಕಟ್ಟಿದ ಸನ್ನೆಗಳನ್ನು ಬಿಟ್ಟು ಕಿವುಡರ ಸಹಜ ಭಾಷೆಯಲ್ಲಿಯೇ ಪಾಠ ಹೇಳಿ, ಅದರ ಆಧಾರದಿಂದ ಫ್ರೆಂಚನ್ನು ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಾದಿಸಿದನು. ಕ್ರಮಬದ್ಧ ಸನ್ನೆಗಳು ಮೆಲ್ಲನೆ ಮರೆಯಾದವು. 1880ರಲ್ಲಿ ಮಿಲಾನಿನ ಸಮ್ಮೇಳನವು ಸನ್ನೆಗಳನ್ನೆಲ್ಲ ಶಾಲೆಯಿಂದ ಹೊರಗಟ್ಟಲು ನಿರ್ಣಯಿಸಿತು. ಆ ನಿರ್ಣಯವನ್ನು ಅಂಥದೇ ಸಮ್ಮೇಳನವು ತಳ್ಳಿಹಾಕಿದುದು 2010ರಲ್ಲಿ. ನಮ್ಮ ದೇಶದ ಕಿವುಡ ಶಾಲೆಗಳು ಆರಂಭವಾದುದು ಮಿಲಾನಿನ ನೆರಳಿನಲ್ಲಿ. 1880ರ ದಶಕದಲ್ಲಿ ಮುಂಬಯಿಯಲ್ಲಿ ಧರ್ಮಾಧ್ಯಕ್ಷ ಲಿಯೋ ಮ್ಯೂರಿನ್ ಅವರು ತೆರೆದ ಶಾಲೆಯೇ ಮೊದಲನೆಯದು. ತರಗತಿಯಲ್ಲಿ ತುಟಿಪಾಠ ನಡೆದರೂ, ಹಾಸ್ಟೆಲ್ಲುಗಳಲ್ಲಿ ಮಕ್ಕಳ ಸನ್ನೆ ಬಾಳಿಕೊಂಡು ಬಂದಿತು. 1970ರ ದಶಕದ ಕೊನೆಗೆ, ಸ್ವತಃ ಕಿವುಡರಾದ ಮದನ್ ವಾಸಿಷ್ಠ ಮತ್ತು ಜೇಮ್ಸ್ ವುಡ್‌ವರ್ಡ್ ಮೊದಲಾದವರು ದೆಹಲಿ, ಕಲ್ಕತ್ತೆ, ಮುಂಬಯಿ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ, ಅವು ಒಂದೇ ಬಳ್ಳಿಯ ಕುಡಿಗಳೆಂದು ಕಂಡರು. ಅದಕ್ಕೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯ ಸನ್ನೆ ವಾಕ್ಯದ ಕೊನೆಗೆ ಬರುತ್ತದೆ. 2015ರಲ್ಲಿ ದೆಹಲಿಯಲ್ಲಿ ಇದಕ್ಕಾಗಿಯೇ ಕೇಂದ್ರ ಸಂಸ್ಥೆಯಾಯಿತು. 2018ರಲ್ಲಿ 3,000 ಪದಗಳಿಂದ ಹೊರಟ ಅದರ ನಿಘಂಟು 2021ರಲ್ಲಿ 10,000ಕ್ಕೆ ಬೆಳೆಯಿತು.

ತಾಯಂದಿರಿಗೆ ನಾವು ಈಗ ಕೊಡುವ ಉತ್ತರ ಇದು. ಮನೆಯ ಸನ್ನೆಯನ್ನು ನಿಲ್ಲಿಸಬೇಡಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಮನೆಯಾಚೆಗೆ ಅದನ್ನು ಬಲ್ಲವರಿಲ್ಲ. ಕನ್ನಡದ ಪ್ರತ್ಯಯಗಳನ್ನು ಕೂಸಿನ ಬೆರಳಿಗೆ ಕಟ್ಟಬೇಡಿ; ಕನ್ನಡವನ್ನು ಅದು ಮುಂದೆ ಓದಿ ಬರೆದು ಕಲಿಯಲಿ. ನಮ್ಮ ಸೀಮೆಯಲ್ಲಿ ಆರ್.ಎಚ್. ಕ್ಯಾಂಪುಗಳ ಮನೆಮಾತು ಬಂಗಾಳಿ, ಕಾಲುವೆಯ ಕ್ಯಾಂಪುಗಳದು ತೆಲುಗು, ತಾಂಡಾಗಳದು ಲಂಬಾಣಿ, ಪೇಟೆಯಲ್ಲಿ ಉರ್ದು. ಯಾವ ಮಾತಿನ ವ್ಯಾಕರಣವನ್ನು ಮಗುವಿನ ಕೈಗೆ ತೊಡಿಸುವುದು? ಶ್ರವಣಯಂತ್ರವನ್ನೋ ಕಾಕ್ಲಿಯರ್ ಇಂಪ್ಲಾಂಟನ್ನೋ ಪರೀಕ್ಷಿಸುವವರು ಪರೀಕ್ಷಿಸಲಿ, ಆದರೆ ಅದಕ್ಕಾಗಿ ಕಾಯುತ್ತ ಮಗುವಿನ ಮೊದಲ ವರ್ಷಗಳನ್ನು ಯಾವ ಭಾಷೆಯೂ ಇಲ್ಲದೆ ಕಳೆಯಬೇಡಿ. ತಾಲ್ಲೂಕಿನಲ್ಲಿ ದುಡಿದು ಬಾಳುತ್ತಿರುವ ಪ್ರಾಯದ ಕಿವುಡರನ್ನು ಹುಡುಕಿ ಮನೆಗೆ ಕರೆಯಿರಿ. ಅವರೊಡನೆ ತಾಯಿತಂದೆಯರೂ ಕುಳಿತು ಕಲಿಯಿರಿ.

1834ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಕಿವುಡರು ತಮ್ಮ ಅಧ್ಯಾಪಕ ಫೆರ್ದಿನಾನ್ ಬೆರ್ತಿಯೇಯ ಮುಂದಾಳುತನದಲ್ಲಿ ಲೆಪೆ ಸ್ವಾಮಿಗಳ ಹುಟ್ಟುಹಬ್ಬದ ಔತಣವನ್ನು ಮೊದಲ ಬಾರಿಗೆ ಏರ್ಪಡಿಸಿದರು. ಮುಂದೆ ವರ್ಷವರ್ಷವೂ ಅದು ನಡೆಯಿತು. ಸ್ವಾಮಿಗಳನ್ನು ಹೊಗಳುವ ಭಾಷಣಗಳೆಲ್ಲ ಕಿವುಡರ ಸಹಜ ಸನ್ನೆಯಲ್ಲಿಯೇ ಆದವು. ಸನ್ನೆ ಬಾರದ ಅತಿಥಿಗಳಿಗೆ ಮತ್ತೊಬ್ಬರು ಅರ್ಥ ಹೇಳಬೇಕಾಗಿದ್ದಿತು.